ಮನೆ ಮಾರಾಟಕ್ಕಿದೆ ಸರಿ. ಅಜ್ಜಿಗೆ ಬಚ್ಚಲು ಎಲ್ಲಿ, ಅತ್ತೆಯ ಸಹಿ ಎಲ್ಲಿ?

ಸೊರಬ: ಕಾಂಪೌಂಡ್ ಗೋಡೆ ಮೇಲೆ, ಕರೆಂಟ್ ಕಂಬದ ಮೇಲೆ, ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲಾ ಕಡೆ ಒಂದೇ ಸಾಲು. ‘ಮನೆ ಮಾರಾಟಕ್ಕಿದೆ.’ ಕೆಳಗೆ ಒಂದು ಮೊಬೈಲ್ ನಂಬರ್. ಕೆಲವು ಬೋರ್ಡ್ ಎರಡು ಮಳೆಗಾಲ ಕಂಡು ಬಣ್ಣ ಬಿಟ್ಟಿವೆ. ನಂಬರ್ ಮಾತ್ರ ಇನ್ನೂ ಓದೋಕೆ ಬರುತ್ತೆ.

ಮನೆ ಬೇಕು ಅನ್ನೋರು ಇಲ್ಲವೇ? ಇದ್ದಾರೆ. ಹಳ್ಳಿಯಿಂದ ಸೊರಬಕ್ಕೆ, ಆನವಟ್ಟಿಗೆ, ಪಕ್ಕದ ಶಿರಾಳಕೊಪ್ಪಕ್ಕೆ ಬಂದು ನೆಲೆಸಬೇಕು ಅನ್ನೋ ಕುಟುಂಬಗಳು ಕೇಳ್ತಾನೇ ಇವೆ. ಮಗನಿಗೆ ಪೇಟೆಯಲ್ಲಿ ಕೆಲಸ ಅಥವಾ ಅಂಗಡಿ, ಮೊಮ್ಮಕ್ಕಳಿಗೆ ಶಾಲೆ, ವಯಸ್ಸಾದ ಅಪ್ಪ ಅಮ್ಮನಿಗೆ ಆಸ್ಪತ್ರೆ ಹತ್ತಿರ ಇರಬೇಕು. ಇವರು ಬಾಡಿಗೆ ಮನೆಯಲ್ಲಿ ಹಿಡಿಸೋದಿಲ್ಲ. ಸೈಟು ತಗೊಂಡು ಹೊಸದಾಗಿ ಕಟ್ಟೋಕೆ ಎಲ್ಲರ ಕೈಲೂ ದುಡ್ಡಿಲ್ಲ. ಅಜ್ಜ, ಮಗ, ಮೊಮ್ಮಗ ಮೂರೂ ತಲೆಮಾರು ಒಂದೇ ಸೂರಿನಡಿ ಇರೋ ಹಾಗೆ ಗಟ್ಟಿಯಾದ ಹಳೇ ಮನೆ ಸಿಕ್ಕರೆ ಅವರಿಗೆ ಸಾಕು.

ಮಾರೋರೂ ಇದ್ದಾರೆ, ಕೊಳ್ಳೋರೂ ಇದ್ದಾರೆ. ಮತ್ತೆ ಬೋರ್ಡ್ ಯಾಕೆ ಇಳಿಯಲ್ಲ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಸುದ್ದಿಗೆ ಹೋದ ಕಡೆ ಅಲ್ಲ, ನಮ್ಮ ಮನೆಯಲ್ಲೇ.

ನಮ್ಮ ಮನೆಗೆ ಬಂದ ಪಾರ್ಟಿ

ನಮ್ಮ ಅಜ್ಜ ಕಟ್ಟಿಸಿದ್ದು ಮಂಗಳೂರು ಹೆಂಚಿನ ಮನೆ. ಜಗಲಿ, ನಡುಮನೆ, ಅಟ್ಟ, ಹಿಂದೆ ಕೊಟ್ಟಿಗೆ, ಹಿತ್ತಲಲ್ಲಿ ಬಚ್ಚಲು ಮತ್ತು ಪಾಯಿಖಾನೆ. ಅಜ್ಜ ತೀರಿಕೊಂಡ ಮೇಲೆ ಬೆಂಗಳೂರಲ್ಲಿರೋ ಚಿಕ್ಕಪ್ಪ ‘ಮಾರೋಣ’ ಅಂದರು. ಅಪ್ಪ ಒಪ್ಪಿದರು. ಮೊದಲು ಮಾಡಿದ ಕೆಲಸ ಅಂದ್ರೆ ಗೋಡೆಗೆಲ್ಲ ಬಣ್ಣ ಹೊಡೆಸಿದ್ದು, ಮುಂದಿನ ಬಾಗಿಲಿಗೆ ಪಾಲಿಶ್ ಮಾಡಿಸಿದ್ದು.

ಒಂದು ಭಾನುವಾರ ಶಾಲಾ ಮೇಷ್ಟ್ರು ಒಬ್ಬರು ಹೆಂಡತಿ, ಇಬ್ಬರು ಮಕ್ಕಳು, ತಾಯಿಯನ್ನ ಕರ್ಕೊಂಡು ನೋಡೋಕೆ ಬಂದರು. ಮೇಷ್ಟ್ರಿಗೆ ಕಂಬ ನೋಡಿ ಖುಷಿ, ಮಕ್ಕಳಿಗೆ ಅಟ್ಟ ನೋಡಿ ಖುಷಿ. ತಾಯಿಗೆ ಮಂಡಿ ನೋವು. ಜಗಲಿ ಮೆಟ್ಟಿಲು ಹತ್ತೋಕೆ ಮಗನ ಭುಜ ಹಿಡೀಬೇಕಾಯ್ತು. ಒಳಗೆಲ್ಲ ನೋಡಿ, ಹಿತ್ತಲ ಬಾಗಿಲಲ್ಲಿ ನಿಂತು ಅಲ್ಲಿಂದ ಪಾಯಿಖಾನೆ ಎಷ್ಟು ದೂರ ಅಂತ ಕಣ್ಣಲ್ಲೇ ಅಳೆದರು. ಆಮೇಲೆ ನಮ್ಮ ಅಜ್ಜಿಯನ್ನ ಕೇಳಿದರು: ‘ಮಳೆಗಾಲದಲ್ಲಿ ರಾತ್ರಿ ಹೊತ್ತು ಅಲ್ಲಿಗೆ ಹೋಗೋದು ಹೆಂಗ್ರೀ ಅಮ್ಮಾ?’

ನಮ್ಮ ಅಜ್ಜಿ ಹೇಳಿದ್ದು: ‘ನಾನೂ ಹತ್ತು ವರ್ಷದಿಂದ ನನ್ನ ಮಕ್ಕಳಿಗೆ ಅದನ್ನೇ ಕೇಳ್ತಾ ಇದೀನಿ ಕಣವ್ವ.’

ಕಾಫಿ ಕುಡಿದು ಹೋದ ಪಾರ್ಟಿ ಮತ್ತೆ ಫೋನ್ ಮಾಡಲಿಲ್ಲ.

ತೀರ್ಮಾನ ಮಾಡೋರು ಯಾರು?

ಗಂಡ ಹೆಂಡತಿ ಇಬ್ಬರೇ ಮನೆ ಕೊಳ್ಳೋದು ಬೇರೆ, ಕೂಡು ಕುಟುಂಬ ಕೊಳ್ಳೋದು ಬೇರೆ. ಕೂಡು ಕುಟುಂಬದಲ್ಲಿ ದುಡ್ಡು ಮಗನದ್ದು, ಮಾತು ಅಪ್ಪನದ್ದು, ಕೊನೇ ತೀರ್ಮಾನ ಅತ್ತೆ ಸೊಸೆಯರದ್ದು. ಮನೆ ತೋರಿಸೋರು ಮಾತ್ರ ಮಗನ ಜೊತೆ ರೇಟು ಮಾತಾಡ್ತಾ ಜಗಲಿಯಲ್ಲೇ ನಿಂತಿರ್ತಾರೆ. ಒಳಗೆ ಅತ್ತೆ ಬಚ್ಚಲು ನೋಡ್ತಿರ್ತಾರೆ, ಸೊಸೆ ಅಡುಗೆಮನೆ ನೋಡ್ತಿರ್ತಾಳೆ. ವ್ಯಾಪಾರ ಕುದುರೋದೂ ಮುರಿಯೋದೂ ಅಲ್ಲೇ.

ಹಾಗಾಗಿ ಮಾರೋಕೆ ಮುಂಚೆ ಕೈಯಲ್ಲಿರೋ ಅಲ್ಪ ಸ್ವಲ್ಪ ದುಡ್ಡನ್ನ ಎಲ್ಲಿ ಹಾಕಬೇಕು ಅಂತ ಯೋಚನೆ ಮಾಡಿ. ಬಣ್ಣಕ್ಕಿಂತ ಮುಂಚೆ ಆಗಬೇಕಾದ್ದು ಇವು.

ಒಂದು, ಮನೆ ಒಳಗೇ ಅಥವಾ ಮಾಡಿನ ಕೆಳಗೇ ಒಂದು ಪಾಯಿಖಾನೆ. ಅದರಲ್ಲಿ ಕುರ್ಚಿ ಥರದ ಕಮೋಡ್, ಪಕ್ಕದ ಗೋಡೆಗೆ ಹಿಡಿಕೆ. ಒಳಗಿಂದ ಹಾಕಿದ ಚಿಲಕ ಹೊರಗಿಂದಲೂ ತೆಗೆಯೋ ಹಾಗಿರಬೇಕು. ಬಿದ್ದೋರನ್ನ ಎತ್ತೋಕೆ ಬಾಗಿಲು ಒಡೆಯೋ ಪರಿಸ್ಥಿತಿ ಬರಬಾರದು.

ಎರಡು, ಮೆಟ್ಟಿಲು. ಗಾಲಿಕುರ್ಚಿಗೆ ಇಳಿಜಾರು ಮಾಡೋಕೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು ಅನ್ನೋದು ಎಲ್ಲ ಕಡೆ ಒಪ್ಪಿರೋ ಲೆಕ್ಕ. ನಮ್ಮ ಕಡೆ ಜಗಲಿ ಎರಡು ಅಡಿ ಎತ್ತರ ಇದ್ದರೆ ಇಪ್ಪತ್ತನಾಲ್ಕು ಅಡಿ ಆಯ್ತು, ಅಷ್ಟು ಅಂಗಳ ಎಲ್ಲರಿಗೂ ಇಲ್ಲ. ಇಲ್ಲದಿದ್ದರೆ ಎತ್ತರದ ಮೆಟ್ಟಿಲನ್ನ ಅರ್ಧ ಅರ್ಧ ಅಡಿಗೆ ಇಳಿಸಿ, ಒಂದು ಕಬ್ಬಿಣದ ಪೈಪು ಹಿಡಿಕೆ ಹಾಕಿಸಿ. ವೆಲ್ಡಿಂಗ್ ಶಾಪಿನವರಿಗೆ ಅದು ಒಂದು ದಿನದ ಕೆಲಸ.

ಮೂರು, ನೆಲ. ಹೊಳೆಯೋ ಟೈಲ್ಸ್ ಫೋಟೋದಲ್ಲಿ ಚೆಂದ. ಮಳೆಗಾಲದಲ್ಲಿ ಒದ್ದೆ ಕಾಲಲ್ಲಿ ಬರೋ ಮಲೆನಾಡಿನ ಮನೆಗೆ ಅದು ಜಾರುಬಂಡೆ. ಬಚ್ಚಲಿಗಾದರೂ ಒರಟು ಟೈಲ್ಸ್ ಹಾಕಿಸಿ. ಹೆಬ್ಬಾಗಿಲ ಹೊಸ್ತಿಲು ಪೂಜೆ ಮಾಡೋ ಜಾಗ, ಅದನ್ನ ಮುಟ್ಟಬೇಡಿ. ಬಚ್ಚಲು, ಮಲಗೋ ಕೋಣೆಗೆ ಹೋಗೋ ಕಡೆ ಇರೋ ಎತ್ತರದ ಹೊಸ್ತಿಲು ತೆಗೆಸಿದರೆ ಎಡವಿ ಬೀಳೋದು ತಪ್ಪುತ್ತೆ.

ನಾಲ್ಕು, ಕೆಳಗಡೆ ಒಂದು ಕೋಣೆ. ಗಾಳಿ ಬೆಳಕು ಇದ್ದು, ಬಚ್ಚಲಿಗೆ ಹತ್ತಿರ ಇರಬೇಕು. ನಮ್ಮ ಮನೆಗಳಲ್ಲಿ ಅಂಥ ಕೋಣೆಯಲ್ಲಿ ಅಡಿಕೆ ಚೀಲ, ಹಳೇ ಕಪಾಟು, ಸಂಪೂರ್ಣ ಕತ್ತಲೆ. ಖಾಲಿ ಮಾಡಿ, ಒಂದು ಮಂಚ ಹಾಕಿ, ಕಿಟಕಿ ತೆಗೆದು ತೋರಿಸಿ. ‘ಇಲ್ಲಿ ನಮ್ಮಮ್ಮ ಮಲಗಬಹುದು’ ಅಂತ ಬಂದೋರಿಗೆ ತಾನಾಗೇ ಅನ್ನಿಸಬೇಕು.

ಐದು, ಸೊಸೆಗೆ ತನ್ನದು ಅನ್ನೋ ಜಾಗ. ಒಟ್ಟಿಗೆ ಇರೋರಿಗೆ ಒಟ್ಟಿಗೆ ಇರೋದರ ಕಷ್ಟವೂ ಗೊತ್ತು. ಚಿಲಕ ಹಾಕ್ಕೊಳ್ಳೋಕೆ ಬರೋ ಇನ್ನೊಂದು ಕೋಣೆ, ಮಕ್ಕಳು ಓದೋಕೆ ಟಿವಿ ಸದ್ದು ಕೇಳದ ಒಂದು ಮೂಲೆ, ಮುಂದೆ ಬೇಕಾದರೆ ಇನ್ನೊಂದು ಒಲೆ ಹೂಡಬಹುದಾದ ಜಾಗ. ಅಟ್ಟ ಗಟ್ಟಿ ಇದ್ದರೆ ಸ್ವಚ್ಛ ಮಾಡಿ ತೋರಿಸಿ, ಹುಡುಗರು ಅದನ್ನೇ ಹಿಡ್ಕೋತಾರೆ.

ಆರು, ಬಾಗಿಲ ತನಕ ಗಾಡಿ ಬರುತ್ತಾ? ಆಂಬುಲೆನ್ಸ್ ಬರೋ ದಾರಿಯಲ್ಲಿ ಕಟ್ಟಿಗೆ ರಾಶಿ, ಜಲ್ಲಿ ರಾಶಿ ಇದ್ದರೆ ತೆಗೆಸಿ. ವಯಸ್ಸಾದೋರು ಇರೋ ಕುಟುಂಬ ಇದನ್ನ ನೋಡೇ ನೋಡುತ್ತೆ.

ಇನ್ನು ಮಾಡು. ಒಡೆದ ಹೆಂಚು ಬದಲಾಯಿಸಿ, ಒರಲೆ ಹಿಡಿದ ರೀಪು ಪಕಾಸು ಬದಲಾಯಿಸಿ. ಸೋರೋ ಜಾಗದ ಕಲೆ ಮುಚ್ಚೋಕೆ ಬಣ್ಣ ಹೊಡೆದರೆ ಮೊದಲ ಮಳೆಗೇ ಗುಟ್ಟು ರಟ್ಟು. ನನ್ನ ಪ್ರಕಾರ ಮನೆಯನ್ನ ಮಳೆ ಬರುವಾಗ ತೋರಿಸೋನೇ ಧೈರ್ಯವಂತ. ಆಷಾಢದಲ್ಲಿ ಯಾರೂ ಅಡ್ವಾನ್ಸ್ ಕೊಡಲ್ಲ ನಿಜ, ಬಂದು ನೋಡೋಕೆ ಅಡ್ಡಿ ಏನಿಲ್ಲ. ಆಗ ನೋಡಿ ಒಪ್ಪಿದವರು ಅಡಿಕೆ, ಭತ್ತದ ದುಡ್ಡು ಕೈಗೆ ಬಂದಾಗ ವಾಪಸ್ ಬರ್ತಾರೆ.

ಮನೆಮಂದಿ ಬರದಿದ್ದರೆ ಯಾರು ಬರ್ತಾರೆ ಅಂತಲೂ ತಿಳ್ಕೊಳ್ಳಿ. ಮನೆಯನ್ನ ಮನೆ ಅಂತ ನೋಡದೆ ಕಂಬ, ತೊಲೆ, ಬಾಗಿಲು, ಹೆಂಚು ಎಣಿಸಿ ಬೆಲೆ ಕಟ್ಟೋರು ಬರ್ತಾರೆ. ಅವರಿಗೆ ಕೊಟ್ಟರೆ ಉಳಿಯೋದು ಬರೀ ಅಡಿಪಾಯದ ಕಲ್ಲು.

ಬಚ್ಚಲು ಸರಿ ಆಯ್ತು, ಕಾಗದ?

ನಾನು ಡಿಗ್ರಿ ಅರ್ಧಕ್ಕೆ ಬಿಟ್ಟವನು, ಕಾನೂನು ಓದಿದವನಲ್ಲ. ಆದರೆ ನಮ್ಮ ಮನೆ ಕಾಗದ ಹಿಡಿದು ಓಡಾಡಿದ್ದು ನಾನೇ. ಅದರಲ್ಲಿ ಗೊತ್ತಾಗಿದ್ದನ್ನ ಹೇಳ್ತೀನಿ.

ಎರಡನೇ ಪಾರ್ಟಿ ಬ್ಯಾಂಕ್ ಸಾಲ ಮಾಡಿ ಕೊಳ್ಳೋರು. ಬ್ಯಾಂಕಿನ ವಕೀಲರು ಕಾಗದ ನೋಡಿ ಕೇಳಿದ ಮೊದಲ ಪ್ರಶ್ನೆ: ‘ಖಾತೆ ಇನ್ನೂ ತೀರಿಕೊಂಡವರ ಹೆಸರಲ್ಲೇ ಇದೆಯಲ್ಲ? ಹೆಣ್ಣುಮಕ್ಕಳು ಎಷ್ಟು ಜನ?’

ಅಪ್ಪ ಹೇಳಿದರು, ‘ಇಬ್ಬರು ಅಕ್ಕಂದಿರು. ಮದುವೆ ಮಾಡಿ ಕೊಟ್ಟಾಗಿದೆ.’ ವಕೀಲರು ನಕ್ಕರು.

ನಮ್ಮ ಊರಲ್ಲಿ ಬಹಳ ಮಂದಿ ತಿಳ್ಕೊಂಡಿರೋದು ಹೆಣ್ಣುಮಕ್ಕಳ ಪಾಲು 2005ರಲ್ಲಿ ಬಂತು ಅಂತ. ಅದು ಅರ್ಧ ನಿಜ. ಅಜ್ಜ ತನ್ನ ಸ್ವಂತ ದುಡಿಮೆಯಲ್ಲಿ ಮಾಡಿದ ಮನೆ, ಅವರು ವಿಲ್ ಬರೆಯದೆ ತೀರಿಕೊಂಡಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರವೇ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮ ಪಾಲು. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಮಗಳಿಗೂ ಬಂದಿದ್ದು 2005ರ ಸೆಪ್ಟೆಂಬರ್ 9ರ ತಿದ್ದುಪಡಿಯಿಂದ. ಕರ್ನಾಟಕದಲ್ಲಿ ಅದಕ್ಕೂ ಮುಂಚೆ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಆ ಹಕ್ಕು ಕೊಟ್ಟಿದ್ದರು. ‘2005ಕ್ಕೆ ಮುಂಚೆ ಅಪ್ಪ ತೀರಿಕೊಂಡಿದ್ದರೆ ಮಗಳಿಗೆ ಇಲ್ಲ’ ಅನ್ನೋ ವಾದಕ್ಕೂ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ತೆರೆ ಎಳೆಯಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ಸರಿಯಾಗಿ ಆಗಿಹೋದ ಪಾಲು, ಮಾರಾಟಗಳನ್ನ ಮಾತ್ರ ಈ ತಿದ್ದುಪಡಿ ಮುಟ್ಟಲ್ಲ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಕಾನೂನು ಬೇರೆ, ಪಾಲಿನ ಲೆಕ್ಕ ಬೇರೆ. ಆದರೆ ಅಲ್ಲೂ ಹೆಣ್ಣುಮಕ್ಕಳಿಗೆ ಪಾಲು ಇದ್ದೇ ಇದೆ.

ನಮ್ಮ ಮನೆ ಲೆಕ್ಕ ಹಾಕಿ ನೋಡಿ. ಅಜ್ಜಿ, ಅಪ್ಪ, ಚಿಕ್ಕಪ್ಪ, ಇಬ್ಬರು ಅತ್ತೆಯಂದಿರು. ಐದು ಪಾಲು. ಅದರಲ್ಲಿ ಮೂರು ಪಾಲು ಹೆಂಗಸರದ್ದು. ಮನೆ ಮಾರೋ ಮಾತುಕತೆಯಲ್ಲಿ ಕೂತಿದ್ದು ಮಾತ್ರ ಇಬ್ಬರು ಗಂಡಸರು!

‘ನನ್ನ ಪಾಲು ನಾನು ಮಾರ್ಕೋತೀನಿ’ ಅಂತ ಒಬ್ಬರೇ ಹೊರಡೋಕೂ ಆಗಲ್ಲ. ಹೀಗೆ ಒಟ್ಟಿಗೆ ಬಂದ ಆಸ್ತಿಯಲ್ಲಿ ಒಬ್ಬರು ತಮ್ಮ ಭಾಗ ಮಾರೋದಾದರೆ ಅದನ್ನ ಮೊದಲು ಕೊಳ್ಳೋ ಹಕ್ಕು ಉಳಿದ ವಾರಸುದಾರರದ್ದು. ಪಾಲಾಗದ ಕುಟುಂಬದ ವಾಸದ ಮನೆಯಲ್ಲಿ ಒಂದು ಪಾಲು ಕೊಂಡ ಹೊರಗಿನವರಿಗೆ, ಆ ಮನೆಮಂದಿ ಜೊತೆ ಒಳಗೆ ಬಂದು ಇರೋ ಹಕ್ಕೂ ಇಲ್ಲ. ಅಂಥ ಜಗಳದ ಮನೆಯನ್ನ ಮಕ್ಕಳು ಮರಿ ಕಟ್ಟಿಕೊಂಡ ಯಾವ ಕುಟುಂಬ ಕೊಳ್ಳುತ್ತೆ?

ಹಾಗಾಗಿ ಬೋರ್ಡ್ ಹಾಕೋಕೆ ಮುಂಚೆ ಆಗಬೇಕಾದ ಕೆಲಸ ಇಷ್ಟು. ಮರಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು ಬರೆಸೋ ‘ಜಾಣತನ’ ಮಾಡಬೇಡಿ, ನಾಳೆ ಕೋರ್ಟಲ್ಲಿ ಅದೇ ನಿಮ್ಮ ವಿರುದ್ಧ ಸಾಕ್ಷಿ. ಖಾತೆ ಎಲ್ಲಾ ವಾರಸುದಾರರ ಹೆಸರಿಗೆ ಆಗಲಿ. ಆಮೇಲೆ ಎಲ್ಲರೂ ಸೇರಿ ಕ್ರಯಪತ್ರಕ್ಕೆ ಸಹಿ ಹಾಕಬಹುದು, ಇಲ್ಲಾ ವಿಭಾಗ ಪತ್ರ ಅಥವಾ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಬಹುದು. ಮನೆಯವರ ನಡುವಿನ ಈ ಪತ್ರಗಳಿಗೆ ಮಾರಾಟದಷ್ಟು ಶುಲ್ಕ ಇಲ್ಲ.

ಇನ್ನೊಂದು, ಇ-ಖಾತೆ. 2024ರ ಅಕ್ಟೋಬರ್‌ನಿಂದ ರಾಜ್ಯದ ಎಲ್ಲ ಕಡೆ ಇದಿಲ್ಲದೆ ನೋಂದಣಿ ನಡೆಯಲ್ಲ. ಪೇಟೆ ಮನೆಗಾದರೆ ಇ-ಆಸ್ತಿಯಲ್ಲಿ, ಪಂಚಾಯಿತಿ ಮನೆಗಾದರೆ ಇ-ಸ್ವತ್ತಿನಲ್ಲಿ ಸಿಗುತ್ತೆ. ನಿಮ್ಮ ಕೈಯಲ್ಲಿರೋದು ನಮೂನೆ 9 ಮತ್ತು 11ಎ ಆಗಿದೆಯಾ, ಬರೀ 11ಬಿ ಆಗಿದೆಯಾ ನೋಡಿ. 11ಬಿ ಆದರೆ ಬ್ಯಾಂಕ್ ಸಾಲ ಸಿಗೋದು ಕಷ್ಟ. ಕೂಡು ಕುಟುಂಬ ಕೊಳ್ಳೋದು ಬಹುಪಾಲು ಸಾಲದ ಮೇಲೇ. ಋಣಭಾರ ಪತ್ರ 2004ರ ಏಪ್ರಿಲ್‌ನಿಂದ ಈಚೆಗಿನದ್ದು ಕಾವೇರಿ ತಂತ್ರಾಂಶದಲ್ಲೇ ಬರುತ್ತೆ, ಅದಕ್ಕಿಂತ ಹಿಂದಿನದ್ದಕ್ಕೆ ಉಪನೋಂದಣಿ ಕಚೇರಿಗೇ ಅರ್ಜಿ ಹಾಕಬೇಕು.

ಸರ್ಕಾರಿ ಜಾಗದಲ್ಲಿ ಕಟ್ಟಿ, 94ಸಿ ಅಥವಾ 94ಸಿಸಿಯಲ್ಲಿ ಸಕ್ರಮ ಆಗಿರೋ ಮನೆ ನಮ್ಮ ತಾಲ್ಲೂಕಿನಲ್ಲೂ ಇವೆ. ಹಕ್ಕುಪತ್ರದ ಹಿಂದೆ ಮುಂದೆ ಓದಿ. ಇಂತಿಷ್ಟು ವರ್ಷ ಪರಭಾರೆ ಮಾಡಬಾರದು ಅನ್ನೋ ಷರತ್ತು ಇರುತ್ತೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನಲ್ಲಿರೋ ಮನೆಯಾದರೆ 1978ರ ಪಿಟಿಸಿಎಲ್ ಕಾಯ್ದೆ ಇದೆ, ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟ ನಿಲ್ಲಲ್ಲ. 2023ರ ತಿದ್ದುಪಡಿ ಆದ ಮೇಲೆ ಅದಕ್ಕೆ ಅರ್ಜಿ ಹಾಕೋಕೆ ಕಾಯ್ದೆಯಲ್ಲಿ ಕಾಲಮಿತಿ ಇಲ್ಲ, ‘ಬಹಳ ವರ್ಷ ಆಯ್ತಲ್ಲ’ ಅಂತ ನಂಬಿ ಕೂರಬೇಡಿ.

ಸಣ್ಣ ವಿಷಯ ಅಂತ ಬಿಡಬೇಡಿ: ಮೆಸ್ಕಾಂ ಮೀಟರಿನ ಆರ್.ಆರ್. ನಂಬರ್ ಯಾರ ಹೆಸರಲ್ಲಿದೆ, ನೀರಿನ ಕಂದಾಯ, ಮನೆ ಕಂದಾಯ ಬಾಕಿ ಎಷ್ಟಿದೆ. ಬಾಕಿ ಇಲ್ಲದ ರಸೀದಿ ಒಂದು ಫೈಲಲ್ಲಿ ಹಾಕಿಟ್ಟಿದ್ದರೆ ಬಂದೋರಿಗೆ ಅರ್ಧ ನಂಬಿಕೆ ಅಲ್ಲೇ ಬರುತ್ತೆ.

ಖರ್ಚಿನ ಲೆಕ್ಕ

ಹಳೇ ಮನೆಗೆ ಮುದ್ರಾಂಕ ಶುಲ್ಕ ಶೇ. 5. ಅದರ ಮೇಲೆ ಸೆಸ್, ಸರ್ಚಾರ್ಜ್ ಸೇರಿ ಶೇ. 5.6ರ ಆಸುಪಾಸು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. 40 ಲಕ್ಷದ ಮನೆ ಅಂದ್ರೆ ಇದೇ 3 ಲಕ್ಷ ದಾಟುತ್ತೆ. ಕಡಿಮೆ ಬೆಲೆಗೆ ಶೇ. 2, ಶೇ. 3 ಅಂತ ಕೆಲವರು ಹೇಳೋದು ಹೊಸ ಫ್ಲಾಟಿನ ಮೊದಲ ಮಾರಾಟಕ್ಕೆ, ನಮ್ಮ ಹೆಂಚಿನ ಮನೆಗಲ್ಲ. ಈ ಖರ್ಚು ಕೊಳ್ಳೋರ ಮೇಲೆ ಬೀಳೋದರಿಂದ ರೇಟು ಹೇಳುವಾಗ ಅವರ ಜೇಬೂ ನೆನಪಿರಲಿ.

ಅಡ್ವಾನ್ಸ್ ನಗದಲ್ಲಿ ಇಸ್ಕೊಳ್ಳೋರು ಹುಷಾರು. ಸ್ಥಿರಾಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಇಸ್ಕೊಂಡರೆ ಆದಾಯ ತೆರಿಗೆ ಕಾನೂನಲ್ಲಿ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಇಸ್ಕೊಂಡವರಿಗೆ. ಲಾಭದ ಮೇಲಿನ ತೆರಿಗೆಗೆ ಆಡಿಟರ್ ಹತ್ತಿರ ಒಮ್ಮೆ ಹೋಗಿ ಬನ್ನಿ. ಅಜ್ಜನ ಕಾಲದ ಮನೆಗೆ 2001ರ ಏಪ್ರಿಲ್ 1ರ ಬೆಲೆ ಆಧಾರ ಆಗುತ್ತೆ. ಬಂದ ದುಡ್ಡಲ್ಲಿ ಇನ್ನೊಂದು ಮನೆ ಕೊಂಡರೆ, ಕಟ್ಟಿದರೆ ವಿನಾಯಿತಿ ಇದೆ. ಬರೀ ಸೈಟು ತಗೊಂಡು ಸುಮ್ಮನಿದ್ದರೆ ಇಲ್ಲ.

ಮುಂದೆ ಅಂಗಡಿ, ಹಿಂದೆ ಮನೆ ಇಟ್ಟುಕೊಂಡಿರೋ ವ್ಯಾಪಾರಸ್ಥರಿಗೆ ಒಂದು ಮಾತು. ಕೂಡು ಕುಟುಂಬಕ್ಕೆ ಇದಕ್ಕಿಂತ ಒಳ್ಳೇ ಮನೆ ಇಲ್ಲ. ಅಪ್ಪ ಗಲ್ಲಾದಲ್ಲಿ ಕೂರ್ತಾರೆ, ಮಗ ಓಡಾಡ್ತಾನೆ, ಊಟಕ್ಕೆ ಹತ್ತು ಹೆಜ್ಜೆ. ಆದರೆ ಅಂಗಡಿಯಲ್ಲಿ ಬಾಡಿಗೆಯವರಿದ್ದರೆ ಮನೆ ಮಾರಿದ ಮಾತ್ರಕ್ಕೆ ಅವರ ಕರಾರು ಮುಗಿಯಲ್ಲ. ಎಷ್ಟು ವರ್ಷದ ಕರಾರು, ಅಡ್ವಾನ್ಸ್ ವಾಪಸ್ ಕೊಡೋದು ಹಳೇ ಮಾಲೀಕರಾ ಹೊಸಬರಾ, ಇದನ್ನ ಕ್ರಯಪತ್ರದಲ್ಲೇ ಬರೆಸಿ. ಅಂಗಡಿಗೆ, ಮನೆಗೆ ಬೇರೆ ಬೇರೆ ಮೀಟರ್ ಇರಲಿ. ಅಂಗಡಿ ಮುಚ್ಚಿದ ಮೇಲೂ ಮನೆಗೆ ಹೋಗೋಕೆ ಪಕ್ಕದಲ್ಲಿ ಒಂದು ಓಣಿ ಇದ್ದರೆ ಅದನ್ನ ಮೊದಲು ತೋರಿಸಿ.

ನಮ್ಮ ಅಜ್ಜಿ ಎಲ್ಲಿರ್ತಾರೆ?

ಸಹಿಗೆ ಅಂತ ಅಪ್ಪ, ಚಿಕ್ಕಪ್ಪ ದೊಡ್ಡತ್ತೆ ಮನೆಗೆ ಹೋದಾಗ ನಾನೂ ಹೋಗಿದ್ದೆ. ಜಗಳ ಆಗುತ್ತೆ ಅಂತ ಅಪ್ಪ ದಾರಿ ಉದ್ದಕ್ಕೂ ಮಾತೇ ಆಡಿರಲಿಲ್ಲ. ಅತ್ತೆ ಊಟ ಬಡಿಸಿ, ಕೈ ಒರೆಸ್ಕೊಂಡು ಬಂದು ಹೇಳಿದ್ದು ಒಂದೇ ಮಾತು: ‘ಪಾಲಿನ ಮಾತು ಆಮೇಲೆ ಆಡೋಣ ತಮ್ಮಾ. ಮನೆ ಮಾರಿದ ಮೇಲೆ ಅವ್ವ ಎಲ್ಲಿರ್ತಾಳೆ, ಅದನ್ನ ಹೇಳು. ಬರೆದುಕೊಡು. ಸಹಿ ಹಾಕ್ತೀನಿ.’

ಇಬ್ಬರು ತಮ್ಮಂದಿರೂ ಒಬ್ಬರ ಮುಖ ಒಬ್ಬರು ನೋಡಿದರು. ಬಣ್ಣದ ರೇಟು, ಬ್ರೋಕರ್ ಕಮಿಷನ್, ಬೆಂಗಳೂರು ಸೈಟು ಎಲ್ಲಾ ಮಾತಾಡಿದ್ದ ಮನೆಯಲ್ಲಿ ಈ ಒಂದು ಪ್ರಶ್ನೆಯನ್ನ ಯಾರೂ ಕೇಳಿರಲಿಲ್ಲ.

ಮೂರು ತಲೆಮಾರಿನ ಕುಟುಂಬಕ್ಕೆ ಮನೆ ಮಾರಬೇಕು ಅಂತ ಹೊರಟ ಎಷ್ಟೋ ಮನೆಗಳ ಕಥೆ ಇದು. ಬರೋ ಅಜ್ಜಿಗೆ ಕೋಣೆ ತೋರಿಸ್ತೀವಿ. ಇರೋ ಅಜ್ಜಿಗೆ ಎರಡು ತಿಂಗಳು ಅಲ್ಲಿ, ಎರಡು ತಿಂಗಳು ಇಲ್ಲಿ. ವಯಸ್ಸಾದೋರು ಆಸ್ತಿಯನ್ನ ಮಕ್ಕಳಿಗೆ ಬರೆದುಕೊಡೋದಾದರೆ ‘ನೋಡಿಕೊಳ್ಳಬೇಕು’ ಅನ್ನೋ ಷರತ್ತನ್ನ ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ, ಆಮೇಲೆ ನೋಡಿಕೊಳ್ಳದಿದ್ದರೆ ಆ ಪತ್ರವನ್ನೇ ರದ್ದು ಮಾಡಿಸೋಕೆ ಅವಕಾಶ ಇದೆ. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಗಳ ಮುಂದೆ, ನಮ್ಮ ತಾಲ್ಲೂಕಿಗೆ ಅದು ಸಾಗರದಲ್ಲಿ. ಮಾರಾಟ ಮಾಡೋದೇ ಆದರೆ ಅವರ ಪಾಲಿನ ದುಡ್ಡು ಅವರದೇ ಖಾತೆಗೆ ಹೋಗಲಿ. ಮಗನ ಖಾತೆಗೆ ಹೋಗಿ ‘ಆಮೇಲೆ ಕೊಡ್ತೀನಿ’ ಆಗೋದು ಬೇಡ.

ಕೊಳ್ಳೋಕೆ ಬರೋ ದೊಡ್ಡ ಕುಟುಂಬದವರು ದಡ್ಡರಲ್ಲ. ಮಾರೋರ ಮನೆಯಲ್ಲಿ ಅಕ್ಕ ತಂಗಿಯರು ಬಂದು ಹೋಗ್ತಾರಾ, ಅಜ್ಜಿ ಮುಖದಲ್ಲಿ ಕಳೆ ಇದೆಯಾ ಅಂತ ನೋಡ್ತಾರೆ. ಅಲ್ಲಿ ಗಂಟು ಇದ್ದರೆ ನಾಳೆ ಅದು ಕೇಸಾಗಿ ತಮ್ಮ ತಲೆಗೆ ಬರುತ್ತೆ ಅಂತ ಅವರಿಗೆ ಗೊತ್ತು. ಬೆಲೆ ಎಷ್ಟೇ ಇಳಿಸಿದರೂ ಆ ಅನುಮಾನ ಇಳಿಯಲ್ಲ. ಮನೆ ಮಾರಾಟಕ್ಕೆ ಸಿದ್ಧ ಆಗೋದು ಅಂದ್ರೆ ಮೊದಲು ಮನೆಯವರು ಸಿದ್ಧ ಆಗೋದು.

ಅತ್ತೆ ಮನೆಯಿಂದ ಬಂದ ಮೇಲೆ ನಮ್ಮ ಮನೆಯಲ್ಲಿ ಆದ ಕೆಲಸ ಒಂದೇ. ನಡುಮನೆ ಪಕ್ಕದ ಅಡಿಕೆ ಕೋಣೆಗೆ ಗೋಡೆ ಹಾಕಿ, ಅರ್ಧ ಭಾಗದಲ್ಲಿ ಕಮೋಡ್ ಇರೋ ಪಾಯಿಖಾನೆ ಕಟ್ಟಿಸಿದ್ವಿ. ‘ಪಾರ್ಟಿ ನೋಡಿದರೆ ರೇಟು ಬರುತ್ತೆ’ ಅಂತ ಚಿಕ್ಕಪ್ಪನೇ ದುಡ್ಡು ಕಳಿಸಿದರು. ವಂಶವೃಕ್ಷಕ್ಕೆ ಅರ್ಜಿ ಹಾಕಿದೀವಿ, ಐದೂ ಹೆಸರು ಇವೆ. ಮುಂದಿನ ಪಾರ್ಟಿ ಇನ್ನೂ ಬಂದಿಲ್ಲ. ಈ ಮಳೆಗಾಲದಲ್ಲಿ ರಾತ್ರಿ ಅಜ್ಜಿ ಛತ್ರಿ ಹುಡುಕಲಿಲ್ಲ.